ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವೆ

ನಮ್ಮ ಹೊಸ ಬ್ಲಾಕ್ ಕಟ್ಟುತ್ತಿರುವವರ ತಗಡಿನ ಶೆಡ್‌ಗಳನ್ನು ನೀವೂ ನೋಡಿರ್ತೀರಿ. ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು ಅಲ್ಲಿವೆ. ಕಳೆದ ಸೆಮ್‌ನಲ್ಲಿ ನಾವು ಎನ್‌ಎಸ್‌ಎಸ್‌ನವರು ಹೋಗಿ ‘ಹದಿನೆಂಟರ ಮೊದಲು ಮದುವೆ ಬೇಡ, ತಾಯ್ತನ ಬೇಡ’ ಅಂತ ಪೋಸ್ಟರ್ ಅಂಟಿಸಿ, ಫೋಟೋ ತೆಗೆಸಿಕೊಂಡು ಬಂದೆವು. ಸರ್ಟಿಫಿಕೇಟೂ ಸಿಕ್ಕಿತು ಬಿಡಿ.

ಪೋಸ್ಟರ್ ಓದಿ ನಕ್ಕವಳಿಗೆ ಹದಿನೇಳು. ಸೊಂಟದ ಮೇಲಿದ್ದ ಮಗು ತಮ್ಮ ಇರಬೇಕು ಅಂದುಕೊಂಡಿದ್ದೆವು. ಮಗನಂತೆ. ‘ಯಾಕೆ ಇಷ್ಟು ಬೇಗ?’ ಅಂತ ನಮ್ಮಲ್ಲೊಬ್ಬಳು ಕೇಳೇಬಿಟ್ಟಳು.

‘ಅವ್ವ ಅಪ್ಪ ಕೆಲಸಕ್ಕ ಹೋದ್ರ ಶೆಡ್ಡಿನಾಗ ನಾ ಒಬ್ಬಾಕಿನೇ ಇರ್ತಿದ್ನಿರಿ. ಅಂಜಿಕಿ ಬರ್ತಿತ್ತು. ಈಗ ಯಾರೂ ಏನೂ ಅನ್ನಂಗಿಲ್ಲ, ಇವನ ಅವ್ವ ಅಂತಾರ.’

ಪಶ್ಚಾತ್ತಾಪದ ಮಾತು ಬರುತ್ತೆ ಅಂತ ಕಾದಿದ್ದ ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹತ್ತೊಂಬತ್ತಾದರೂ ನಮ್ಮ ಬಟ್ಟೆ ಅಮ್ಮನೇ ಒಗೆಯೋದು. ಈ ವಯಸ್ಸಲ್ಲಿ ಮಗು ಅಂದರೆ ಲೈಫೇ ಮುಗೀತು ಅನ್ನುತ್ತೇವೆ, ಯಾಕಂದ್ರೆ ನಮಗೆ ಡಿಗ್ರಿ, ಪ್ಲೇಸ್‌ಮೆಂಟ್ ಅಂತ ಕಾಯೋದಕ್ಕೆ ಏನೋ ಇದೆ. ಅವಳು ಯಾವುದಕ್ಕೆ ಕಾಯಬೇಕಿತ್ತು? ಊರು ಬಿಟ್ಟಾಗಲೇ ಶಾಲೆ ಬಿಟ್ಟಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವಯಸ್ಸಿನ ಭಾರತದ ಹುಡುಗಿಯರಲ್ಲಿ ಶೇ. 6.8ರಷ್ಟು ಆಗಲೇ ತಾಯಂದಿರು ಅಥವಾ ಗರ್ಭಿಣಿಯರು. ಶಾಲೆಗೇ ಹೋಗದವರಲ್ಲಿ ಇದು ಪಿಯುಸಿ ಮುಗಿಸಿದವರಿಗಿಂತ ಹಲವು ಪಟ್ಟು ಹೆಚ್ಚು.

ಹಾಗಂತ ಅಲ್ಲಿ ಎಲ್ಲರೂ ಹಾಗೇ ಯೋಚಿಸಲ್ಲ. ಪಕ್ಕದಲ್ಲೇ ನಿಂತಿದ್ದ ಹದಿನಾಲ್ಕರ ತಂಗಿ, ‘ನಂಗ ಬ್ಯಾಡ. ಅಕ್ಕಗ ಎರಡು ಬಾಟ್ಲಿ ರಕ್ತ ಏರಿಸಿದ್ರು’ ಅಂದಳು. ಪೊಲೀಸ್ ಕೇಸ್ ಆಗುತ್ತೆ ಅನ್ನೋ ಭಯಕ್ಕೆ ಅಕ್ಕ ಮೊದಲ ಸಲ ಆಸ್ಪತ್ರೆಗೆ ಹೋಗಿದ್ದೇ ಏಳನೇ ತಿಂಗಳಲ್ಲಂತೆ. ಪೋಕ್ಸೋ ಪ್ರಕಾರ ಡಾಕ್ಟರು ತಿಳಿಸಲೇಬೇಕು. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಈ ಕಾನೂನು ಬೇಡ ಅಂತ ನಾವು ಹೇಳ್ತಿಲ್ಲ. ಆದರೆ ಶಿಕ್ಷಣ ಹಕ್ಕು ಕಾಯ್ದೆ 14ಕ್ಕೆ ಕೈ ಬಿಡುತ್ತೆ, ಮದುವೆ ಕಾಯ್ದೆ 18ರವರೆಗೆ ಕಾಯಿರಿ ಅನ್ನುತ್ತೆ. ನಡುವಿನ ನಾಲ್ಕು ವರ್ಷ ಶೆಡ್ಡಿನ ಹುಡುಗಿ ಎಲ್ಲಿರಬೇಕು ಅಂತ ನಮ್ಮ ಪೋಸ್ಟರಿನಲ್ಲೂ ಇರಲಿಲ್ಲ.

ಈ ಸೆಮ್‌ನ ಎನ್‌ಎಸ್‌ಎಸ್ ಗಂಟೆಗಳು ಪೋಸ್ಟರಿಗೆ ಬೇಡ, ಶಾಲೆ ಮತ್ತು ಹಾಸ್ಟೆಲ್ ಅರ್ಜಿ ತುಂಬಿಸೋದಕ್ಕೆ ಹೋಗಲಿ ಅನ್ನೋದು ನಮ್ಮ ವಾದ. ಇದಕ್ಕೆ ಸರ್ಟಿಫಿಕೇಟ್ ಸಿಗದಿದ್ದರೂ ಸರಿ. ಬ್ಲಾಕ್ ಮುಗಿದರೆ ಶೆಡ್‌ಗಳೂ ಹೋಗುತ್ತವೆ, ಟೈಮ್ ಕಮ್ಮಿ. ತಂಗಿಯ ಟಿಸಿ ಇನ್ನೂ ಊರಿನ ಶಾಲೆಯಲ್ಲೇ ಇದೆ. ಫೋನ್ ಮಾಡಿದೆವು. ಸೋಮವಾರ ಮಾಡಿ ಅಂದರು.