ಹೊರಬಾಗಿಲಿಗೂ ಅಗುಳಿ

ಮುಂಬಯಿ, ಪುಣೆಗಳ ಸೊಸೈಟಿಗಳಲ್ಲಿ ಗೇಟಿನ ಕಾವಲಿನವನು ಒಳಬರುವವರ ಹೆಸರು ಬರೆಸಿಕೊಳ್ಳುತ್ತಾನೆ. ಗಂಟು ಹೊತ್ತು ಹೊರಗೆ ಹೋಗುವವರನ್ನು ಬಹುಮಟ್ಟಿಗೆ ಕೇಳುವುದಿಲ್ಲ. ಲಿನಕ್ಸ್ ಸರ್ವರಿನ ಫೈರ್‌ವಾಲನ್ನು ಹೆಚ್ಚಿನವರು ಕಟ್ಟುವುದೂ ಇದೇ ಬಗೆಯಲ್ಲಿ.

ಸಂಘದ ಸರ್ವರಿನಲ್ಲಿ ಏನೇನಿರುತ್ತದೆಂದು ವಾಚಕರು ಒಮ್ಮೆ ನೆನೆಯಬೇಕು. ಸದಸ್ಯ ಕುಟುಂಬಗಳ ವಿಳಾಸ, ದೂರವಾಣಿ, ವಂತಿಗೆಯ ಲೆಕ್ಕ, ವಧೂವರರ ವಿವರ. ಯಾವುದೋ ಬಿರುಕಿನಿಂದ ಕಳ್ಳ ಪ್ರೋಗ್ರಾಮೊಂದು ಒಳಹೊಕ್ಕರೂ ಅದಕ್ಕೆ ಲಾಭವಾಗುವುದು ಇವನ್ನು ಹೊರಗೆ ಸಾಗಿಸಿದಾಗಲೇ. ಆದುದರಿಂದ ಹೊರದಾರಿಯನ್ನೂ ಮುಚ್ಚಿ, ಬೇಕಾದಷ್ಟನ್ನು ಮಾತ್ರ ತೆರೆಯುವುದು ಲೇಸೆಂದು ನಮ್ಮ ಅಭಿಪ್ರಾಯ.

ಹಾಗೆ ಮುಚ್ಚಿದ ಮೇಲೆ ತೊಡಕು ತಲೆದೋರುವುದು ಪತ್ರಿಕೆಯ ಪುಟಗಳನ್ನು ಮುದ್ರಣಾಲಯಕ್ಕೆ ಕಳಿಸುವಾಗ. ಎಫ್‌ಟಿಪಿಗೆಂದು ೨೧ನೆಯ ಪೋರ್ಟನ್ನು ತೆರೆದದ್ದಾಯಿತು. ಅತ್ತಲಿನ ಸರ್ವರು ಹೆಸರನ್ನೂ ಪಾಸ್‌ವರ್ಡನ್ನೂ ಒಪ್ಪಿತು. ಆದರೆ ಫೈಲುಗಳ ಪಟ್ಟಿ ಕೇಳಿದರೆ ಉತ್ತರವಿಲ್ಲ, ಕಳಿಸಹೊರಟರೆ ಚಲನೆಯಿಲ್ಲ. ಸಂಚಿಕೆ ಹೊರಬೀಳಬೇಕಾದ ವಾರವೇ ಹೀಗಾದರೆ ಯಾರಾದರೊಬ್ಬರು ಫೈರ್‌ವಾಲನ್ನೇ ತೆಗೆದುಹಾಕುತ್ತಾರೆ. ಮರಳಿ ಹಾಕುವ ನೆನಪು ಯಾರಿಗೂ ಇರುವುದಿಲ್ಲ!

ಎಫ್‌ಟಿಪಿ ಬಹು ಹಳೆಯ ಏರ್ಪಾಡು. ೧೯೭೧ರಲ್ಲಿ ಇದರ ಮೊದಲ ವಿವರಣೆಯನ್ನು ಬರೆದವರು ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಫೈರ್‌ವಾಲಿನ ಮಾತೇ ಇಲ್ಲದ ಕಾಲವದು. ಮಾತುಕತೆಗೊಂದು ಸಂಪರ್ಕ, ಸರಕಿಗೆ ಇನ್ನೊಂದು. ಮಾತುಕತೆ ೨೧ರಲ್ಲಿ. ಸರಕಿಗೆ ಎರಡು ಪದ್ಧತಿಗಳುಂಟು. ‘ಆಕ್ಟಿವ್’ ಎಂಬುದರಲ್ಲಿ ಅತ್ತಲಿನ ಸರ್ವರು ತನ್ನ ೨೦ನೆಯ ಪೋರ್ಟಿನಿಂದ ನಮ್ಮ ಕಡೆಗೇ ಬರುತ್ತದೆ. ನಮ್ಮ ಗೇಟಿಗೆ ಅದು ಅಪರಿಚಿತ ಅತಿಥಿ. ‘ಪ್ಯಾಸಿವ್’ ಎಂಬುದರಲ್ಲಿ ಅದು ಒಂದು ಪೋರ್ಟಿನ ಸಂಖ್ಯೆ ಹೇಳುತ್ತದೆ, ನಾವೇ ಅಲ್ಲಿಗೆ ಹೋಗಬೇಕು. ಸಂಖ್ಯೆ ಸಲಸಲಕ್ಕೂ ಬೇರೆ.

ಹಾಗಾದರೆ ೧೦೨೪ರಿಂದ ೬೫೫೩೫ರವರೆಗೆ ಎಲ್ಲವನ್ನೂ ತೆರೆದುಬಿಡಿ ಎನ್ನುವವರಿದ್ದಾರೆ. ಅಗುಳಿ ಹಾಕಿ ಗೋಡೆ ಕೆಡವಿದಂತೆ! ಲಿನಕ್ಸಿನಲ್ಲಿ ಸಂಪರ್ಕಗಳ ಜಾಡು ಹಿಡಿಯುವ ಕಾನ್‌ಟ್ರ್ಯಾಕ್‌ಗೆ ಎಫ್‌ಟಿಪಿ ಹೆಲ್ಪರ್ ಎಂಬ ಸಹಾಯಕನಿದ್ದಾನೆ. ಅವನು ೨೧ರ ಮಾತಿಗೆ ಕಿವಿಗೊಟ್ಟು, ಅಲ್ಲಿ ಬಂದ ಸಂಖ್ಯೆಗೆ ಹೊರಟ ಸಂಪರ್ಕವನ್ನು ‘ರಿಲೇಟೆಡ್’ ಎಂದು ಗುರುತಿಸುತ್ತಾನೆ. ‘ಎಸ್ಟಾಬ್ಲಿಷ್ಡ್’, ‘ರಿಲೇಟೆಡ್’ ಎರಡನ್ನೂ ಬಿಡುವ ನಿಯಮವಿದ್ದರೆ ಸರಕು ಸಾಗುತ್ತದೆ.

ಹಳೆಯ ಟಿಪ್ಪಣಿಗಳನ್ನು ನಂಬಿದವರು ಎಡವುವುದು ಇಲ್ಲಿಯೇ. ಹಿಂದೆ ಹೆಲ್ಪರಿನ ಮಾಡ್ಯೂಲನ್ನು ಲೋಡ್ ಮಾಡಿದರೆ ಸಾಕಾಗುತ್ತಿತ್ತು. ೨೦೧೬ರಲ್ಲಿ ಬಂದ ೪.೭ನೆಯ ಕರ್ನೆಲಿನಿಂದೀಚೆಗೆ ಅವನು ತಾನಾಗಿ ಕೆಲಸಕ್ಕೆ ನಿಲ್ಲುವುದಿಲ್ಲ. ಐಪಿಟೇಬಲ್ಸ್ ಬಳಸುವವರು ರಾ ಟೇಬಲಿನ ಔಟ್‌ಪುಟ್ ಸರಣಿಯಲ್ಲಿ, ೨೧ಕ್ಕೆ ಹೋಗುವ ಸಂಪರ್ಕಕ್ಕೆ ಸಿಟಿ ಟಾರ್ಗೆಟ್ಟಿನ ಮೂಲಕ ಅವನನ್ನು ನೇಮಿಸಬೇಕು. ಎಫ್‌ಟಿಪಿಎಸ್ ಆದರೆ ಮಾತೇ ಗೂಢಲಿಪಿಯಲ್ಲಿರುವುದರಿಂದ ಸಹಾಯಕ ಕಿವುಡ. ಆಗ ಮುದ್ರಣಾಲಯದವರಿಂದ ಅವರ ಪ್ಯಾಸಿವ್ ಪೋರ್ಟುಗಳ ವ್ಯಾಪ್ತಿಯನ್ನು ಕೇಳಿ ತಿಳಿದು, ಅಷ್ಟನ್ನೇ, ಅವರ ವಿಳಾಸವೊಂದಕ್ಕೇ ತೆರೆಯಬೇಕು.

ನಮ್ಮನ್ನು ಕೇಳಿದರೆ ಎಸ್‌ಎಫ್‌ಟಿಪಿಯನ್ನೇ ಕೊಡಿರೆಂದು ಅವರನ್ನು ಒತ್ತಾಯಿಸುವುದು ಉತ್ತಮ. ‘ಇಷ್ಟು ವರ್ಷ ನಡೆದಿದೆಯಲ್ಲ ಸ್ವಾಮಿ’ ಎಂದಾರು. ಬರಿಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡು ತೆರೆದ ಕಾರ್ಡಿನಲ್ಲಿ ಬರೆದಂತೆ ಹೋಗುತ್ತದೆಂದು ತಿಳಿಸಿ. ಎಸ್‌ಎಫ್‌ಟಿಪಿಯಲ್ಲಿ ಮಾತು, ಸರಕು ಎರಡೂ ೨೨ನೆಯ ಪೋರ್ಟಿನ ಒಂದೇ ಸಂಪರ್ಕದಲ್ಲಿ, ಗೂಢಲಿಪಿಯಲ್ಲಿ. ಅದನ್ನೂ ಊರಿಗೆಲ್ಲ ತೆರೆಯಬೇಡಿ, ಮುದ್ರಣಾಲಯದ ವಿಳಾಸಕ್ಕೆ ಮಾತ್ರ. ನಿಯಮದಲ್ಲಿ ಹೆಸರು ಬರೆದರೂ ಐಪಿಟೇಬಲ್ಸ್ ಅದನ್ನು ಆ ಕ್ಷಣದ ಅಂಕಿಗೆ ತಿರುಗಿಸಿಟ್ಟುಕೊಳ್ಳುತ್ತದೆ. ಮುಂದೆ ಅವರ ವಿಳಾಸ ಬದಲಾದರೆ ನಿಯಮ ಹಳತಾಗುತ್ತದೆ.

ಕೆಲಸದ ಕ್ರಮವೂ ಮುಖ್ಯ. ಹೆಸರು ಹುಡುಕುವ ೫೩, ಗಡಿಯಾರ ಹೊಂದಿಸುವ ೧೨೩, ಹೊಸ ಪ್ಯಾಕೇಜು ತರುವ ೪೪೩, ಇವನ್ನೆಲ್ಲ ಮೊದಲೇ ಬರೆದಿಡಿ. ಮುಚ್ಚುವ ಮುನ್ನ ನಾಲ್ಕು ದಿನ ಲಾಗ್ ಮಾತ್ರ ಮಾಡಿಸಿದರೆ ಸರ್ವರು ಎಲ್ಲೆಲ್ಲಿಗೆ ಹೋಗಿಬರುತ್ತದೆಂಬುದು ಬಯಲಾಗುತ್ತದೆ. ದೂರದಿಂದ ಎಸ್‌ಎಸ್‌ಎಚ್ ಹಿಡಿದು ಕೂತವರು ‘ಎಸ್ಟಾಬ್ಲಿಷ್ಡ್’ ನಿಯಮ ಹಾಕದೆ ಮುಚ್ಚಿದರೆ ತಾವೇ ಹೊರಗುಳಿಯುತ್ತಾರೆ. ಡೆಬಿಯನ್ನಿನ ಐಪಿಟೇಬಲ್ಸ್-ಅಪ್ಲೈ, ನೀವು ಒಪ್ಪಿಗೆ ಹೇಳದಿದ್ದರೆ ಸ್ವಲ್ಪ ಹೊತ್ತಿಗೆ ಹಳೆಯ ನಿಯಮಗಳನ್ನೇ ಮರಳಿಸುತ್ತದೆ. ಐಪಿ ಆರನೆಯ ಆವೃತ್ತಿಗೆ ಐಪಿ೬ಟೇಬಲ್ಸ್‌ನಲ್ಲಿ ಇದೆಲ್ಲವನ್ನೂ ಪ್ರತ್ಯೇಕವಾಗಿ ಬರೆಯಬೇಕು. ಅದನ್ನು ಬಿಟ್ಟರೆ ಮುಂಬಾಗಿಲು ಭದ್ರ, ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ.