ತೆರೆಯುವ ಮೊದಲು ಕನ್ನಡದಲ್ಲೂ ಪರೀಕ್ಷಿಸಿ

ಗಡಿನಾಡಿನ ಮಕ್ಕಳ ಶಾಲಾ ಪ್ರವೇಶ, ವಿದ್ಯಾರ್ಥಿವೇತನದ ಅರ್ಜಿಗಳು ಈಗ ಜಾಲತಾಣದ ಮೂಲಕವೇ ಹೋಗಬೇಕಾಗಿದೆ. ಹೊಸ ತಾಣವನ್ನು ರಾಜ್ಯಭಾಷೆ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ತೆರೆದರೆ, ಅದರ ದೋಷ ಗೊತ್ತಾಗುವುದು ಕನ್ನಡ ಮಾಧ್ಯಮದ ಮಗುವಿನ ಅರ್ಜಿಯಲ್ಲಿ.

'ಲಕ್ಷ್ಮೀನಾರಾಯಣ' ಎಂಬ ಹೆಸರನ್ನೇ ನೋಡಿ. ಗಣಕಯಂತ್ರದ ಲೆಕ್ಕದಲ್ಲಿ ಇದು 13 ಸಂಕೇತ. ಜಾಲತಾಣಗಳಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೇಕು. ಒಟ್ಟು 39 ಬೈಟ್. ಹೆಸರಿಗೆ 30 ಬೈಟ್ ಜಾಗವಿಟ್ಟಿದ್ದರೆ ಇಂಗ್ಲಿಷಿನಲ್ಲಿ ಹೆಸರು ಪೂರ್ತಿ ಹಿಡಿಸುತ್ತದೆ, ಕನ್ನಡದಲ್ಲಿ 'ಲಕ್ಷ್ಮೀನಾರ' ಎಂಬಲ್ಲಿಗೇ ನಿಲ್ಲುತ್ತದೆ. ಹೀಗೆ ತುಂಡಾದ ಹೆಸರು ದಾಖಲೆಯಿಂದ ದಾಖಲೆಗೆ ಮಗುವಿನ ಬೆನ್ನು ಹತ್ತುತ್ತದೆ. ತಿದ್ದುಪಡಿಗಾಗಿ ಕಚೇರಿ ಅಲೆಯಬೇಕಾದವರು ಹೆತ್ತವರು.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಶಾಲೆಯ ಬಾಗಿಲಾಗಿರುವ ಅರ್ಜಿಯಲ್ಲೇ ಆ ಭಾಷೆಗೆ ಜಾಗವಿಲ್ಲದಿದ್ದರೆ ಸೌಲಭ್ಯಕ್ಕೆ ಅರ್ಥವೇನು?

ನಮ್ಮ ಬೇಡಿಕೆ ದೊಡ್ಡದಲ್ಲ. ತಾಣ ತೆರೆಯುವ 15 ದಿನ ಮೊದಲು ಕೆಲವು ಕನ್ನಡ ಅಧ್ಯಾಪಕರು ಮತ್ತು ಹೆತ್ತವರು ತಮ್ಮದೇ ಮೊಬೈಲಿನಲ್ಲಿ ಅರ್ಜಿ ತುಂಬಿ, ಉಳಿಸಿ, ಮತ್ತೆ ಹುಡುಕಿ, ಮುದ್ರಿಸಿ ನೋಡಲಿ. ಒತ್ತಕ್ಷರ, ಅರ್ಕಾವತ್ತು ಕಾಗದದ ಮೇಲೂ ಸರಿಯಾಗಿ ಮೂಡುತ್ತವೆಯೇ ಎಂದು ಪರಿಶೀಲಿಸಲಿ. ತಪ್ಪು ಸಿಕ್ಕರೆ ತಿದ್ದಲು ಆಗ ಸಮಯವಿರುತ್ತದೆ. ಇಲಾಖೆ ಕರೆಯಲಿ, ಕರೆ ಬಂದಾಗ ನಮ್ಮ ಅಧ್ಯಾಪಕರೂ ಹಿಂಜರಿಯದಿರಲಿ.