ಮದುವೆ ಕುದುರೆಯ ಮೇವಿನಲ್ಲಿ ಪಿಷ್ಟ ಎಷ್ಟು?

ಕಾರ್ತಿಕ ಶುದ್ಧ ಏಕಾದಶಿ ಕಳೆಯುತ್ತಿದ್ದಂತೆ ಅಹಮದಾಬಾದಿನಲ್ಲಿ ಮದುವೆಗಳ ಸಾಲು ಶುರುವಾಗುತ್ತದೆ. ಇಸ್ರೊ ಕೇಂದ್ರದಿಂದಾಗಿ ‘ಸ್ಯಾಟಲೈಟ್’ ಎಂಬ ಹೆಸರು ಪಡೆದ ಬಡಾವಣೆಯ ರಸ್ತೆಗಳಲ್ಲಿ ಸಂಜೆಯಾದರೆ ಬ್ಯಾಂಡು, ದೀಪಗಳ ನಡುವೆ ವರನನ್ನು ಹೊತ್ತ ಕುದುರೆ ಕಾಣುತ್ತದೆ. ವಡೋದರಾ, ಸೂರತ್‌ಗಳಲ್ಲೂ ಈ ‘ವರಘೋಡೊ’ ಇಲ್ಲದೆ ಅನೇಕ ಮದುವೆಗಳು ಪೂರ್ತಿಯಾಗುವುದಿಲ್ಲ. ಅದಕ್ಕೂ ಮುಂಚಿನ ನಾಲ್ಕು ತಿಂಗಳು ಚಾತುರ್ಮಾಸ. ಆಗ ಮದುವೆ ಇಲ್ಲ, ಹಾಗಾಗಿ ಈ ಕುದುರೆಗಳಿಗೆ ಕೆಲಸವೂ ಇಲ್ಲ. ಮಳೆಗಾಲವಾದ್ದರಿಂದ ಹಸಿರು ಹುಲ್ಲು ಮಾತ್ರ ಧಾರಾಳ. ಮುಹೂರ್ತದ ದಿನಗಳು ಹತ್ತಿರವಾದಾಗ ಕುದುರೆ ಮೈತುಂಬಿಕೊಂಡು ಹೊಳೆಯಬೇಕೆಂದು ಕಡಲೆ, ಬಾರ್ಲಿ, ಬೆಲ್ಲದ ಪ್ರಮಾಣ ಏರಿಸಿದರೆ ಅಪಾಯಕ್ಕೆ ಬೇಕಾದ ಮೂರೂ ಸಂಗತಿಗಳು ಒಂದೆಡೆ ಸೇರಿದಂತೆ: ದುಡಿಮೆ ಇಲ್ಲದ ದೇಹ, ಸೊಂಪಾದ ಹುಲ್ಲು, ಇದ್ದಕ್ಕಿದ್ದಂತೆ ಹೆಚ್ಚಿದ ಧಾನ್ಯ.

ಹೀಗೆ ಬರುವ ಕಾಯಿಲೆಯನ್ನು ಪಶುವೈದ್ಯರು ಕುದುರೆಯ ಚಯಾಪಚಯ ದೋಷ ಎನ್ನುತ್ತಾರೆ. ಮೂಲದಲ್ಲಿ ಇದು ಇನ್ಸುಲಿನ್ನಿನ ಏರುಪೇರು. ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಹೋದಾಗ ಇಂಥ ಕುದುರೆಯ ರಕ್ತದಲ್ಲಿ ಇನ್ಸುಲಿನ್ ಅತಿಯಾಗಿ ಏರಿ, ಬಹಳ ಹೊತ್ತು ಹಾಗೇ ನಿಲ್ಲುತ್ತದೆ. ಅದರ ಏಟು ಬೀಳುವುದು ಕಾಲಿಗೆ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಬಿಗಿದು ಹಿಡಿದಿರುವ ಸೂಕ್ಷ್ಮ ಪದರಗಳು ಸಡಿಲಗೊಳ್ಳುತ್ತವೆ. ಇದೇ ಲ್ಯಾಮಿನೈಟಿಸ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದರು. ಆರೋಗ್ಯವಂತ ಪೋನಿಗಳ ರಕ್ತದಲ್ಲಿ ಸಕ್ಕರೆಯನ್ನು ಸಹಜ ಮಟ್ಟದಲ್ಲೇ ಇರಿಸಿ ಇನ್ಸುಲಿನ್ ಒಂದನ್ನೇ ಏರಿಸಿದಾಗ, ಮೂರು ದಿನಗಳೊಳಗೆ ಅವುಗಳ ಗೊರಸು ಕೆಟ್ಟಿತು. ರೋಗ ಮುಂದುವರಿದರೆ ಮೂಳೆ ಗೊರಸಿನೊಳಗೇ ವಾಲುತ್ತದೆ. ಆ ಕುದುರೆ ಮತ್ತೆ ನೋವಿಲ್ಲದೆ ನಡೆಯುವುದು ಕಷ್ಟ.

ಸಂಕಟವೆಂದರೆ, ರೋಗ ಗೊರಸಿಗೆ ಇಳಿಯುವ ಮುನ್ನ ಈ ಕುದುರೆ ಎಲ್ಲರ ಕಣ್ಣಿಗೂ ಚೆಂದವಾಗಿ ಕಾಣುತ್ತದೆ. ಉಬ್ಬಿದ ಕತ್ತು, ಬಾಲದ ಬುಡದಲ್ಲಿ ಮೆತ್ತಿಕೊಂಡ ಕೊಬ್ಬು, ದುಂಡಗಿನ ಮೈ. ನಮ್ಮಲ್ಲಿ ಇದನ್ನೇ ಚೆನ್ನಾಗಿ ಸಾಕಿದ್ದರ ಗುರುತು ಎಂದು ಮೆಚ್ಚುತ್ತಾರೆ. ಕುದುರೆ ಹೆಜ್ಜೆ ಸಣ್ಣದು ಮಾಡಿ ನಡೆದಾಗ, ಮುಂಗಾಲಿನ ಭಾರವನ್ನು ಹಿಂದಕ್ಕೆ ವಾಲಿಸಿ ನಿಂತಾಗ, ಲಾಳ ಹೊಡೆದವರ ಮೇಲೆ ತಪ್ಪು ಹೊರಿಸುತ್ತಾರೆ. ಗೊರಸು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುವುದು, ಗೊರಸಿನ ಮೇಲೆ ಅಡ್ಡ ಉಂಗುರಗಳು ಮೂಡಿವೆಯೇ ಎಂದು ಗಮನಿಸುವುದು ಯಾವ ಖರ್ಚೂ ಇಲ್ಲದ ಕೆಲಸ. ಉಂಗುರಗಳಿದ್ದರೆ ರೋಗ ಈಗಾಗಲೇ ಒಮ್ಮೆ ಬಂದು ಹೋಗಿರಬಹುದು.

ಪಿಷ್ಟದ ವಿಷಯದಲ್ಲಿ ಕುದುರೆಗೂ ಹಸುವಿಗೂ ದೊಡ್ಡ ವ್ಯತ್ಯಾಸವಿದೆ. ಕುದುರೆಗೆ ಒಂದೇ ಹೊಟ್ಟೆ, ಅದೂ ಚಿಕ್ಕದು. ಪಿಷ್ಟವನ್ನು ಒಡೆಯುವ ಕಿಣ್ವ ಕುದುರೆಯಲ್ಲಿ ಕಡಿಮೆ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಜಾರಿ ಅಲ್ಲಿ ಹುಳಿಯುತ್ತದೆ. ಹೊಟ್ಟೆಶೂಲೆ, ಲ್ಯಾಮಿನೈಟಿಸ್ ಎರಡಕ್ಕೂ ಅದು ದಾರಿ. ಆದ್ದರಿಂದಲೇ ಆರೋಗ್ಯವಂತ ಕುದುರೆಗೂ ಒಂದು ಹೊತ್ತಿಗೆ ದೇಹತೂಕದ ಪ್ರತಿ ಕಿಲೊಗೆ ಸುಮಾರು 1 ಗ್ರಾಂ ಪಿಷ್ಟ ಮೀರಬಾರದು ಎನ್ನುವುದು ಎಚ್ಚರಿಕೆಯ ಲೆಕ್ಕ. 350 ಕಿಲೊ ತೂಗುವ, ಸೌರಾಷ್ಟ್ರದ ಕಾಠಿಯಾವಾಡಿ ತಳಿಯ ಕುದುರೆಗೆ ಅದು 350 ಗ್ರಾಂ. ಒಂದು ಕಿಲೊ ಕಡಲೆಯಲ್ಲೇ ಸುಮಾರು 400 ಗ್ರಾಂ ಪಿಷ್ಟವಿರುತ್ತದೆ. ಬಾರ್ಲಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಮೆಕ್ಕೆಜೋಳದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು. ಓಟ್ಸ್ ಹಗುರ ಎಂಬ ನಂಬಿಕೆ ಇದೆ, ಅದರಲ್ಲೂ ಶೇ 40ರ ಆಸುಪಾಸು. ಚಯಾಪಚಯ ದೋಷವಿರುವ ಕುದುರೆಗಾದರೆ ಇವುಗಳಲ್ಲಿ ಯಾವುದೂ ಸಲ್ಲದು. ಅದರ ಇಡೀ ಮೇವಿನಲ್ಲಿ ಪಿಷ್ಟ ಮತ್ತು ಕರಗುವ ಸಕ್ಕರೆ ಸೇರಿ ಶೇ 10ರಿಂದ 12ರೊಳಗೆ ಇರಬೇಕು.

ದಕ್ಷಿಣದವರಾದ ನಮಗೆ ಹುರುಳಿಯ ಪ್ರಶ್ನೆ ಏಳುತ್ತದೆ. ಟಿಪ್ಪು ಕಾಲದ ನಂಟಿರುವ ಕುಣಿಗಲ್ ಅಶ್ವಶಾಲೆಯ ನಾಡಿದು. ಮದ್ರಾಸ್ ಪ್ರಾಂತ್ಯದ ಬ್ರಿಟಿಷ್ ದಂಡಿನ ಕುದುರೆಗಳೂ ಬೇಯಿಸಿದ ಹುರುಳಿ ತಿಂದೇ ಮೈಲಿಗಟ್ಟಲೆ ಓಡಿದವು. ಓಡಿದವು ಎನ್ನುವುದೇ ಇಲ್ಲಿ ಮುಖ್ಯ. ಹುರುಳಿಯಲ್ಲಿ ಪ್ರೋಟೀನ್ ಶೇ 22ರಷ್ಟಿದ್ದರೆ ಪಿಷ್ಟ ಮೂರನೇ ಒಂದು ಭಾಗಕ್ಕೂ ಮೀರಿದೆ. ದಿನವಿಡೀ ದುಡಿಯುವ ಸ್ನಾಯು ಅದನ್ನು ಉರಿಸಿಬಿಡುತ್ತಿತ್ತು. ರಜೆಯ ದಿನವೂ ಪೂರ್ತಿ ಧಾನ್ಯ ತಿಂದು ಮರುದಿನ ಕೆಲಸಕ್ಕೆ ಇಳಿದ ಕುದುರೆಯ ಸ್ನಾಯುಗಳು ಬಿಗಿದುಕೊಳ್ಳುವ ರೋಗಕ್ಕೆ ‘ಸೋಮವಾರದ ಕಾಯಿಲೆ’ ಎಂದೇ ಹಿಂದಿನವರು ಹೆಸರಿಟ್ಟಿದ್ದರು. ವಿಶ್ರಾಂತಿಯ ದಿನ ಧಾನ್ಯ ಇಳಿಸಬೇಕೆಂಬ ಕುದುರೆಲಾಯದ ಹಳೆಯ ಕಟ್ಟಳೆ ಹುಟ್ಟಿದ್ದು ಆ ಅನುಭವದಿಂದ. ನಾವು ಹುರುಳಿಯನ್ನು ಉಳಿಸಿಕೊಂಡೆವು, ಕಟ್ಟಳೆಯನ್ನು ಮರೆತೆವು.

ಹಾಗಾದರೆ ಏನು ಕೊಡಬೇಕು? ಪಿಷ್ಟ ಕಡಿಮೆ ಇರುವ ಮೇವು ಎಂದೊಡನೆ ವಿದೇಶಿ ಚೀಲಗಳ ಮಾತು ಬರುತ್ತದೆ. ಅವು ರೇಸ್ ಕುದುರೆಗಳ ಮಾಲೀಕರಿಗೆ ಎಟಕಬಹುದು, ಮದುವೆ ಕುದುರೆಯನ್ನೇ ನಂಬಿದ ಕುಟುಂಬಕ್ಕೆ ಎಟಕುವುದಿಲ್ಲ. ಅವು ಬೇಕಾಗಿಯೂ ಇಲ್ಲ. ಬಲಿತು ಒಣಗಿದ ಹುಲ್ಲೇ ಈ ಕುದುರೆಯ ಮುಖ್ಯ ಆಹಾರ. ಸೌರಾಷ್ಟ್ರದ ‘ವೀಡಿ’ಗಳಲ್ಲಿ, ಅಂದರೆ ಕಾಯ್ದಿಟ್ಟ ಹುಲ್ಲುಗಾವಲುಗಳಲ್ಲಿ ಬೆಳೆಯುವ ಜಿಂಜವೊ ಹುಲ್ಲನ್ನು ತಿಂದೇ ಕಾಠಿಯಾವಾಡಿ ತಳಿ ಬರಗಾಲಗಳನ್ನು ದಾಟಿ ಬಂದಿದೆ. ಮಿತ ಮೇವಿನಲ್ಲಿ ಬದುಕಲು ಒಗ್ಗಿದ ದೇಹಕ್ಕೆ ಸಮೃದ್ಧಿಯೇ ಹೊರೆ. ದೇಹತೂಕದ ಶೇ 1.5ರಷ್ಟು ಒಣಮೇವು, ಅಂದರೆ 350 ಕಿಲೊ ಕುದುರೆಗೆ ದಿನಕ್ಕೆ ಐದೂಕಾಲು ಕಿಲೊ, ಮೂರು ನಾಲ್ಕು ಕಂತಿನಲ್ಲಿ ಕೊಟ್ಟರೆ ಸಾಕು. ಹುಲ್ಲನ್ನು ಅರ್ಧ ಗಂಟೆಯಿಂದ ಒಂದು ಗಂಟೆ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಸಕ್ಕರೆಯ ಒಂದಷ್ಟು ಅಂಶ ತೊಳೆದುಹೋಗುತ್ತದೆ. ಗುಜರಾತಿನ ಸೆಕೆಯಲ್ಲಿ ನೆನೆದ ಹುಲ್ಲು ಬೇಗ ಕೆಡುತ್ತದೆ, ಕೂಡಲೇ ತಿನ್ನಿಸಬೇಕು. ನೆನೆಸಿದಾಗ ಖನಿಜಗಳೂ ಹೋಗುವುದರಿಂದ ಖನಿಜ ಮಿಶ್ರಣ ಬೇಕೇ ಬೇಕು. ಕುದುರೆ ಮೆಂತೆ, ಅಂದರೆ ಲೂಸರ್ನ್ ಸೊಪ್ಪಿನಲ್ಲಿ ಪಿಷ್ಟ ಕಡಿಮೆ, ಶಕ್ತಿ ಹೆಚ್ಚು. ಬಡಕಲಾದ ರೋಗಿ ಕುದುರೆಗೆ ಅದು ಒಳ್ಳೆಯದು, ಕೊಬ್ಬಿದ್ದಕ್ಕೆ ಒಂದು ಹಿಡಿ ಮಾತ್ರ.

ಬೂಸಾ, ತೌಡುಗಳ ಬಗ್ಗೆ ಖಡಾಖಂಡಿತ ಮಾತು ಅಗತ್ಯ. ಅವು ಬರೀ ಹೊಟ್ಟು, ಹಗುರ ಆಹಾರ ಎಂಬ ಭಾವನೆ ತಪ್ಪು. ಪಿಷ್ಟ ಸಾಕಷ್ಟಿರುವುದಷ್ಟೇ ಅಲ್ಲ, ರಂಜಕ ಅತಿಯಾಗಿದ್ದು ಕ್ಯಾಲ್ಸಿಯಂ ಕೊರತೆಯಿಂದ ಮೂಳೆಯೂ ಸೊರಗುತ್ತದೆ. ಜನ ದಯೆಯಿಂದ ತಿನ್ನಿಸುವ ಬೆಲ್ಲ, ರೊಟ್ಟಿ, ಲಡ್ಡುಗಳದು ಬೇರೆಯದೇ ಕಥೆ. ಪಾಂಜರಾಪೋಳಗಳನ್ನು ಕಟ್ಟಿ ಮುದಿ ಪ್ರಾಣಿಗಳನ್ನು ಸಲಹುವ ಗುಜರಾತಿನ ಜೀವದಯೆಗೆ ಕೈಮುಗಿಯಬೇಕು. ಆ ದಯೆ ಬೆಲ್ಲದ ಬದಲು ಒಣಹುಲ್ಲಿನ ಹೊರೆಯಾಗಿ ಬಂದರೆ ಕುದುರೆ ಇನ್ನಷ್ಟು ವರ್ಷ ನಿಂತು ನಡೆಯುತ್ತದೆ.

ಇನ್ನೊಂದು ಅತಿಗೂ ಹೋಗಬಾರದು. ಕೊಬ್ಬಿದ ಕುದುರೆಯನ್ನು ಉಪವಾಸ ಕೆಡವಿದರೆ ದೇಹದ ಕೊಬ್ಬು ಒಮ್ಮೆಲೇ ರಕ್ತಕ್ಕೆ ಇಳಿದು ಯಕೃತ್ತು ಕೈಕೊಡುತ್ತದೆ. ಪೋನಿ, ಕತ್ತೆಗಳಲ್ಲಿ ಇದು ಪ್ರಾಣಾಂತಿಕ.

ಇದೆಲ್ಲ ಕೆಲವು ಕುದುರೆಗಳ ಪಾಡು, ದೇಶದ ಬಹುಪಾಲು ಕುದುರೆಗಳು ಎಲುಬು ಹಂದರವಾಗಿ ದುಡಿಯುತ್ತಿವೆ ಎಂಬ ಆಕ್ಷೇಪ ನ್ಯಾಯವಾದುದೇ. ಇಟ್ಟಿಗೆ ಗೂಡಿನ ಕುದುರೆಗೆ ಪಿಷ್ಟ ಬಿಡಿಸುವ ಮಾತಾಡುವುದು ಕ್ರೌರ್ಯ. ಆದರೆ 2012ರಲ್ಲಿ 6.25 ಲಕ್ಷವಿದ್ದ ಕುದುರೆ ಮತ್ತು ಪೋನಿಗಳ ಸಂಖ್ಯೆ 2019ರ ಜಾನುವಾರು ಗಣತಿಯಲ್ಲಿ 3.4 ಲಕ್ಷಕ್ಕೆ ಕುಸಿದಿದೆ. ಉಳಿದವುಗಳಲ್ಲಿ ಹಲವು ಮದುವೆ, ಸವಾರಿ ಶಾಲೆ, ಸಾರೋಟುಗಳಂಥ ಬಿಟ್ಟು ಬಿಟ್ಟು ಬರುವ ಕೆಲಸದವು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಮೆರವಣಿಗೆ ಕುದುರೆಗಳೂ ಇದೇ ಸಾಲಿನಲ್ಲಿವೆ.

ಮೇವಿನ ಚೀಲದ ಮೇಲೆ ಸಾಮಾನ್ಯವಾಗಿ ಪ್ರೋಟೀನ್, ಕೊಬ್ಬು, ನಾರಿನ ಪ್ರಮಾಣ ಅಚ್ಚಾಗಿರುತ್ತದೆ. ಈ ರೋಗಕ್ಕೆ ಬೇಕಾದ ಪಿಷ್ಟ ಮತ್ತು ಸಕ್ಕರೆಯ ಅಂಕಿ ಹುಡುಕಿದರೂ ಸಿಗುವುದಿಲ್ಲ. ಕುದುರೆ ಮೇವು ಮಾರುವವರು ಅದನ್ನು ಅಚ್ಚು ಹಾಕುವುದನ್ನು ಕಡ್ಡಾಯ ಮಾಡಬೇಕು. ಹಿಸಾರ್‌ನಲ್ಲಿ ಅಶ್ವಗಳಿಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, ಆನಂದ್ ಮತ್ತು ಹೆಬ್ಬಾಳಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ, ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ರಾಷ್ಟ್ರೀಯ ಸಂಸ್ಥೆಯಿದೆ. ಜಿಂಜವೊ, ಗರಿಕೆ, ರಾಗಿ ಹುಲ್ಲು, ಜೋಳದ ದಂಟುಗಳಲ್ಲಿ ಯಾವ ಋತುವಿನಲ್ಲಿ ಎಷ್ಟು ಪಿಷ್ಟ, ಎಷ್ಟು ಸಕ್ಕರೆ ಎಂಬ ಪಟ್ಟಿಯನ್ನು ಇವು ಸೇರಿ ಸಿದ್ಧಪಡಿಸಿ ಗುಜರಾತಿ, ಕನ್ನಡದಲ್ಲಿ ಕುದುರೆ ಸಾಕುವವರ ಕೈಗಿಡಬೇಕು. ಮುಂದಿನ ಆಷಾಢ ಏಕಾದಶಿಗೆ ಮದುವೆಗಳು ನಿಂತ ದಿನವೇ ಧಾನ್ಯದ ಬುಟ್ಟಿಯನ್ನೂ ಇಳಿಸಿ ಎಂದು ಊರೂರಿನ ಪಶುವೈದ್ಯರು ಈಗಿನಿಂದಲೇ ಅವರಿಗೆ ಹೇಳಲು ಆರಂಭಿಸಲಿ.